ಜೀಪು ಏರಿದ ಕೋವಿ

ಕೊಡಗಿನ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು. ಸಾವು ಸಂಭವಿಸಿದರೆ ಬೆನ್ನುಬೆನ್ನಿಗೇ ಎರಡು. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಹೊಸ ಕದಿರು ಕೊಯ್ಯುವ ಮುಹೂರ್ತಕ್ಕೆ ಮತ್ತೊಂದು. ಫೋನು ಇಲ್ಲದ ಕಾಲದಲ್ಲಿ ಗುಡ್ಡದಾಚೆಯ ನೆಂಟರಿಷ್ಟರಿಗೆ ಸುದ್ದಿ ಮುಟ್ಟುತ್ತಿದ್ದುದು ಈ ಸದ್ದಿನಿಂದಲೇ. ಬೇರೆ ಊರುಗಳಲ್ಲಿ ಕೋವಿ ಎಂದರೆ ಪೊಲೀಸ್ ಠಾಣೆ, ಪರವಾನಗಿ, ಭಯ. ಕೊಡವರಲ್ಲಿ ಅದು ‘ತೋಕ್’; ಐನ್‌ಮನೆಯ ತೂಗುದೀಪದಷ್ಟೇ ಸಹಜವಾದ ಮನೆಯ ವಸ್ತು.

ಆದರೆ ಮನೆಯ ಗೋಡೆಗೆ ಒರಗಿರುವ ಕೋವಿಗೂ ಮನೆಯಿಂದ ಹೊರಟ ಕೋವಿಗೂ ವ್ಯತ್ಯಾಸವಿದೆ. ಹಿಂದೆ ಅದು ಹೆಗಲ ಮೇಲೆ ನಡೆದೇ ಹೋಗುತ್ತಿತ್ತು. ಸ್ವಾತಂತ್ರ್ಯಾನಂತರ ಮಹೀಂದ್ರ ಕಂಪೆನಿ ಜೋಡಿಸಿ ಮಾರಿದ ಜೀಪುಗಳು ಕಾಫಿ ತೋಟಗಳ ಏರುಹಾದಿ ಹತ್ತಿದ ಮೇಲೆ ಕೋವಿಯೂ ಜೀಪು ಏರಿತು. ತೋಟದ ಕಾವಲಿಗೆ, ಮದುವೆಗೆ, ಸಾವಿನ ಮನೆಗೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅದು ಈಗ ಹೋಗುವುದು ಗಾಡಿಯಲ್ಲೇ. ಕುಲುಕುವ ಗಾಡಿ, ಕೆಸರು ಹಾದಿ, ಬಿಡದ ಮಳೆ ಇವನ್ನು ತಾಳಬಲ್ಲ ಕೋವಿ ಯಾವುದು? ಅದನ್ನು ನೋಡಿಕೊಳ್ಳುವುದು ಹೇಗೆ? ಇದು ಬರೀ ಕಬ್ಬಿಣ–ಮರದ ಪ್ರಶ್ನೆಯಲ್ಲ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕನ್ನು ಪಡೆದ ಜನ ಆ ಹಕ್ಕಿಗೆ ತಕ್ಕ ಎಚ್ಚರವನ್ನೂ ಇಟ್ಟುಕೊಂಡಿದ್ದಾರೆಯೇ ಎಂಬುದು ಅದರ ಹಿಂದಿರುವ ದೊಡ್ಡ ಪ್ರಶ್ನೆ.

ಹಕ್ಕಿನ ಹಿನ್ನೆಲೆ

1834ರಲ್ಲಿ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಜಾರಿಗೆ ಬಂತು. ಆದರೆ 1861ರ ಫೆಬ್ರುವರಿಯಲ್ಲಿ ಅಂದಿನ ಕಮಿಷನರ್ ಮಾರ್ಕ್ ಕಬ್ಬನ್, ಈ ಕಾನೂನು ಕೊಡಗಿನ ಜನರಿಗೆ ಅನ್ವಯಿಸುವುದಿಲ್ಲ ಎಂದು ಮಡಿಕೇರಿಯಿಂದ ಪ್ರಕಟಣೆ ಹೊರಡಿಸಿದ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಕಬ್ಬನ್ ಈತನೇ. ಕೊಡಗಿನವರ ಶೌರ್ಯ ಮತ್ತು ಬ್ರಿಟಿಷ್ ಸರ್ಕಾರಕ್ಕೆ ಅವರು ಸಲ್ಲಿಸಿದ ಸೇವೆ ಅದಕ್ಕೆ ಕೊಟ್ಟ ಕಾರಣ.

ಸ್ವತಂತ್ರ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಈ ವಿನಾಯಿತಿ ಉಳಿಯಿತು. ಅದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸಿಕ್ಕಿತು. ಸೈನಿಕ ಸೇವೆಗೆ ಪ್ರತಿಯಾಗಿ, ಕಡಿಮೆ ಕಂದಾಯದ ಮೇಲೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿಯೇ ಜಮ್ಮಾ. ಹೀಗಾಗಿ ಜಾತಿ ಯಾವುದೇ ಇರಲಿ, ಜಮ್ಮಾ ಭೂಮಿ ಇದ್ದವರಿಗೂ ಈ ಸೌಲಭ್ಯ ಉಂಟು. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್ ಮತ್ತು ಅದಕ್ಕೆ 100 ತೋಟಾ, ಒಂದು ಚರೆ ಕೋವಿ ಮತ್ತು ಅದಕ್ಕೆ 500 ತೋಟಾ ಮೀರುವಂತಿಲ್ಲ ಎಂಬ ಮಿತಿಯೂ ವಿನಾಯಿತಿಯ ಜೊತೆಗೇ ಇದೆ.

2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಒಂದು ಜನಾಂಗಕ್ಕೆ ಮಾತ್ರ ಇಂಥ ಸೌಲಭ್ಯ ಕೊಡುವುದು ಸಮಾನತೆಗೆ ವಿರುದ್ಧ ಎಂದು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು.

ಹನ್ನೆರಡರ ಲೆಕ್ಕ

ಕೋವಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘12 ಬೋರ್’. ಈ ಹನ್ನೆರಡು ಎಲ್ಲಿಂದ ಬಂತು? ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮಭಾಗ ಮಾಡಿ ಗುಂಡುಗಳನ್ನು ಉರುಟಿದರೆ ಒಂದೊಂದು ಗುಂಡು ಎಷ್ಟು ಅಗಲವೋ ಅಷ್ಟು ಅಗಲದ ನಳಿಗೆ ಎಂಬುದು ಹಳೆಯ ಇಂಗ್ಲಿಷ್ ಲೆಕ್ಕ. ಅದು ಸುಮಾರು 18.5 ಮಿಲಿಮೀಟರ್. ಇದೇ ಲೆಕ್ಕದಲ್ಲಿ 20 ಬೋರ್ ಎಂದರೆ ಇಪ್ಪತ್ತು ಭಾಗ. ಆದ್ದರಿಂದ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು.

ಗಾಡಿಯಲ್ಲಿ ಒಯ್ಯುವವರಿಗೆ ಈ ಲೆಕ್ಕ ಜೀವದ ಪ್ರಶ್ನೆಯೂ ಹೌದು. 20 ಬೋರಿನ ತೋಟಾ 12 ಬೋರಿನ ನಳಿಗೆಗೆ ಬಿದ್ದರೆ ಹಿಂದೆ ನಿಲ್ಲದೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಇದೆಯೆಂದು ಭಾವಿಸಿ ಅದರ ಹಿಂದೆ 12ರ ತೋಟಾ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಇದಕ್ಕಾಗಿಯೇ ಈಗ 20 ಬೋರಿನ ತೋಟಾಗಳನ್ನು ಹಳದಿ ಬಣ್ಣದಲ್ಲಿ ತಯಾರಿಸುತ್ತಾರೆ. ಒಂದೇ ಜೀಪಿನಲ್ಲಿ, ಒಂದೇ ಚೀಲದಲ್ಲಿ ಎರಡು ಅಳತೆಯ ತೋಟಾ ಇರಬಾರದು ಎಂಬುದು ಮೊದಲ ಪಾಠ.

12 ಬೋರ್ ಆರಿಸಿಕೊಳ್ಳಲು ಇನ್ನೊಂದು ಸರಳ ಕಾರಣವೂ ಇದೆ. ಪುಣೆ ಬಳಿಯ ಖಡ್ಕಿಯ ಸರ್ಕಾರಿ ಕಾರ್ಖಾನೆಯ ‘ಶಕ್ತಿಮಾನ್’ ತೋಟಾ ಭಾರತದ ಕೋವಿದಾರರಿಗೆಲ್ಲ ಪರಿಚಿತ. ತೋಟಾ ಸಿಗದ ಕೋವಿ ಎಷ್ಟು ಚೆಂದವಿದ್ದರೂ ಊರುಗೋಲಿಗೆ ಸಮಾನ.

ಇಂಗ್ಲೆಂಡಿನಿಂದ ಬಂದ ಅಜ್ಜಂದಿರ ಕಾಲದ ಕೋವಿ ಇದ್ದರೆ ಇನ್ನೊಂದನ್ನು ನೋಡಬೇಕು. ಹಳೆಯ ಕೋವಿಗಳಲ್ಲಿ ತೋಟಾ ಕೂರುವ ಜಾಗ ಹಲವು ಬಾರಿ 65 ಮಿಲಿಮೀಟರ್ ಉದ್ದದ್ದು; ಈಗಿನ ತೋಟಾ ಸಾಮಾನ್ಯವಾಗಿ 70ರದ್ದು. ಉದ್ದದ ತೋಟಾ ಹಳೆಯ ಕೋವಿಯೊಳಗೆ ಕೂರುತ್ತದೆ. ಆದರೆ ಸಿಡಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಅಳತೆ ನಳಿಗೆಯ ಅಡಿಯಲ್ಲಿ ಕೊರೆದಿರುತ್ತದೆ. ಅದನ್ನು ಓದಿಸಿ ತಿಳಿಯದೆ ಹಳೆಯ ಕೋವಿಗೆ ಹೊಸ ತೋಟಾ ಹಾಕಬಾರದು.

ಸರಳವಾದದ್ದೇ ಗಟ್ಟಿ

ಕೊಡಗಿನ ಮನೆಗಳಲ್ಲಿ ಮೂರು ತಲೆಮಾರಿನ ಕೋವಿಗಳನ್ನು ಕಾಣಬಹುದು. ಎಲ್ಲಕ್ಕಿಂತ ಹಳೆಯದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು, ಚರೆ ಹಾಕಿ ಗಜದಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವಂಥದು. ತುಂಬಿದ ಮೇಲೆ ಖಾಲಿ ಮಾಡುವುದೇ ಕಷ್ಟವಾದ್ದರಿಂದ ಗಾಡಿಗೆ ಇದು ತಕ್ಕುದಲ್ಲ. ಕೇಪು ತೆಗೆದಿಟ್ಟರೂ ಒಳಗಿನ ಮದ್ದು ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ತಂಡಿ ಹೀರಬಲ್ಲದು.

ಎರಡನೆಯದು ಮಧ್ಯದಲ್ಲಿ ಮುರಿದು ತೋಟಾ ಹಾಕುವ ಒಂಟಿನಳಿಗೆ ಅಥವಾ ಜೋಡುನಳಿಗೆ. ಮೂರನೆಯದು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ತೋಟಾ ತುಂಬಿಕೊಂಡು, ಮುಂಗೈಯ ಹಿಡಿಯನ್ನು ಹಿಂದೆ–ಮುಂದೆ ಎಳೆದು ಹೊಡೆಯುವ ಪಂಪ್ ಕೋವಿ. ಅಮೆರಿಕದಲ್ಲಿ 1950ರಲ್ಲಿ ಬಂದ ರೆಮಿಂಗ್‌ಟನ್ 870 ಇದಕ್ಕೆ ಪ್ರಸಿದ್ಧ ಉದಾಹರಣೆ.

ಗಟ್ಟಿತನದಲ್ಲಿ ಪಂಪ್ ಕೋವಿ ಕಡಿಮೆಯದೇನಲ್ಲ. ಪೊಲೀಸರ ಗಾಡಿಗಳಲ್ಲಿ ಪ್ರಪಂಚದಾದ್ಯಂತ ಅದು ದುಡಿದಿದೆ. ಆದರೆ ತೋಟದ ಹಾದಿಯ ಜೀಪಿಗೆ ಜೋಡುನಳಿಗೆಯೇ ಮೇಲು ಎನ್ನಲು ಕಾರಣಗಳಿವೆ. ಅದರಲ್ಲಿ ಚಲಿಸುವ ಭಾಗಗಳು ಕಡಿಮೆ; ಧೂಳು, ಮಣ್ಣು ಸೇರಿ ಕೆಡುವುದೂ ಕಡಿಮೆ. ಒಂದು ನಳಿಗೆಯ ಕುದುರೆ ಕೈಕೊಟ್ಟರೆ ಇನ್ನೊಂದು ಇದ್ದೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುರಿದು ಹಿಡಿದರೆ ನಳಿಗೆಯ ಈ ತುದಿಯಿಂದ ಆ ತುದಿಗೆ ಬೆಳಕು ಕಾಣುತ್ತದೆ. ತುಂಬಿದೆಯೇ, ಖಾಲಿಯೇ ಎಂಬುದನ್ನು ಪಕ್ಕದಲ್ಲಿ ಕುಳಿತವರೂ ನೋಡಬಹುದು. ಪಂಪ್ ಕೋವಿಯಲ್ಲಿ ಬಾಯಿ ಖಾಲಿ ಕಂಡರೂ ಹೊಟ್ಟೆಯಲ್ಲಿ ತೋಟಾ ಉಳಿದಿರಬಹುದು.

ಜೋಡುನಳಿಗೆಯನ್ನು ನಳಿಗೆ, ಮುಂಗೈ ಮರ, ಹಿಡಿಯ ಭಾಗ ಎಂದು ಮೂರಾಗಿ ಕ್ಷಣದಲ್ಲಿ ಬಿಚ್ಚಬಹುದು. ಗಿಡ್ಡ ಪೆಟ್ಟಿಗೆಯಲ್ಲಿ ಹಿಡಿಸುವುದರಿಂದ ಜೀಪಿನ ಕಂಬಿಗೆ ತಗುಲಿ ಉದ್ದದ ನಳಿಗೆಯಲ್ಲಿ ತಗ್ಗು ಬೀಳುವ ಭಯವಿಲ್ಲ. ಗಾಡಿಗೆ ಹಿಡಿಸಲೆಂದು ನಳಿಗೆಯನ್ನೇ ಕತ್ತರಿಸಿ ಗಿಡ್ಡ ಮಾಡುವ ಯೋಚನೆ ಮಾತ್ರ ಬೇಡ. ಪರವಾನಗಿ ಪಡೆಯದೆ ನಳಿಗೆ ಗಿಡ್ಡಗೊಳಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ನಿಷಿದ್ಧ. ಚರೆಯನ್ನು ಹರಡಗೊಡದೆ ಹಿಡಿಯುವ ಬಾಯಿಯ ಬಿಗಿ, ಅಂದರೆ ‘ಚೋಕ್’, ಅದರೊಂದಿಗೇ ಹೋಗುತ್ತದೆ.

ಬರ್ಮಿಂಗ್‌ಹ್ಯಾಮಿನ ನಯಗಾರಿಕೆಯ ಕೋವಿ ಬೇಕೆಂದೇನಿಲ್ಲ. ನವಾಬ ಮೀರ್ ಖಾಸಿಂ 18ನೇ ಶತಮಾನದಲ್ಲಿ ಬಿಹಾರದ ಮುಂಗೇರಿನಲ್ಲಿ ಆಯುಧ ತಯಾರಿಕೆಗೆ ಬುನಾದಿ ಹಾಕಿದ. ಅಲ್ಲಿ ಇಂದಿಗೂ ಪರವಾನಗಿ ಪಡೆದು ಕೋವಿ ಮಾಡುವವರಿದ್ದಾರೆ. ಕೊಳ್ಳುವಾಗ ನಳಿಗೆಯೂ ಹಿಡಿಯೂ ಕೂಡುವಲ್ಲಿ ಅಲುಗಾಟವಿದೆಯೇ, ನಳಿಗೆಯೊಳಗೆ ತುಕ್ಕಿನ ಗುಳಿ ಬಿದ್ದಿದೆಯೇ, ಹಿಡಿಯ ಮರ ಸೀಳಿದೆಯೇ ಎಂದು ನೋಡುವುದು ಹೆಸರು ನೋಡುವುದಕ್ಕಿಂತ ಮುಖ್ಯ.

‘ಸೇಫ್ಟಿ’ ಎಂಬ ಭ್ರಮೆ

1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲೆ ಎಂಬಿಬ್ಬರು ಒಂದು ಹೊಸ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದುವರೆಗೆ ಕೋವಿಯ ಕುದುರೆ ಹೊರಗೆ ಕಾಣುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕಿತ್ತು. ಇವರು ಕುದುರೆಯನ್ನು ಒಳಗೆ ಅಡಗಿಸಿ, ನಳಿಗೆ ಮುರಿದಾಗ ಅದು ತಾನಾಗಿಯೇ ಹಿಂದಕ್ಕೆ ಸರಿದು ನಿಲ್ಲುವಂತೆ ಮಾಡಿದರು. ಇಂದಿನ ಬಹುಪಾಲು ಜೋಡುನಳಿಗೆಗಳು ಈ ಕುಲದವೇ.

ಅನುಕೂಲದ ಜೊತೆಗೆ ಒಂದು ಅಪಾಯವೂ ಬಂತು. ಇಂಥ ಕೋವಿಯಲ್ಲಿ ತೋಟಾ ಹಾಕಿ ಮುಚ್ಚಿದ ಕ್ಷಣದಿಂದ ಒಳಗಿನ ಕುದುರೆ ಹೊಡೆಯಲು ಸಿದ್ಧವಾಗಿಯೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ‘ಸಿಯರ್’ ಎಂಬ ಪುಟ್ಟ ಉಕ್ಕಿನ ಕೊಕ್ಕೆ. ಮೇಲಿನ ‘ಸೇಫ್ಟಿ’ ಗುಂಡಿ ಸಾಮಾನ್ಯ ಕೋವಿಗಳಲ್ಲಿ ಬೆರಳಿಗೆ ಸಿಗುವ ಟ್ರಿಗರನ್ನು ಮಾತ್ರ ತಡೆಯುತ್ತದೆ; ಕುದುರೆಯನ್ನಾಗಲೀ ಕೊಕ್ಕೆಯನ್ನಾಗಲೀ ತಡೆಯುವುದಿಲ್ಲ. ಸವೆದ ಕೊಕ್ಕೆ ಜೋರಾದ ಪೆಟ್ಟಿಗೆ ಕಚ್ಚಿನಿಂದ ಜಾರಿದರೆ, ಯಾರೂ ಮುಟ್ಟದೆಯೇ ಈಡು ಹಾರುತ್ತದೆ. ಹಳ್ಳ–ದಿಣ್ಣೆಯ ಹಾದಿಯಲ್ಲಿ ಜೀಪು ಕೊಡುವ ಪೆಟ್ಟು ಸಣ್ಣದಲ್ಲ. ದುಬಾರಿ ಬೆಲೆಯ ಕೆಲವು ಕೋವಿಗಳಲ್ಲಿ ಜಾರಿದ ಕುದುರೆಯನ್ನು ನಡುವೆ ತಡೆಯುವ ಎರಡನೆಯ ಕೊಕ್ಕೆ ಇರುತ್ತದೆ. ಅದನ್ನು ನಂಬಿ ತುಂಬಿದ ಕೋವಿ ಒಯ್ಯುವುದೂ ಸಲ್ಲದು.

ಆದ್ದರಿಂದ ಜೀಪು ಹತ್ತುವ ಮುನ್ನ ತೋಟಾ ತೆಗೆಯುವುದು, ಮುರಿದು ಬೆಳಕು ನೋಡುವುದು, ಬಿಚ್ಚಿ ಪೆಟ್ಟಿಗೆಗೆ ಹಾಕುವುದು, ತೋಟಾವನ್ನು ಬೇರೆ ಚೀಲದಲ್ಲಿಡುವುದು ಇವಿಷ್ಟೂ ತಪ್ಪಬಾರದು. ಸೀಟಿನ ಹಿಂದೆ ನಿಲ್ಲಿಸಿದ ತುಂಬಿದ ಕೋವಿಯನ್ನು ನಳಿಗೆ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುವುದರಷ್ಟು ಅಪಾಯದ ಕೆಲಸ ಬೇರೊಂದಿಲ್ಲ.

ಕಾನೂನು ಹೇಳುವುದೂ ಇದಕ್ಕೆ ಹತ್ತಿರವೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಅದಕ್ಕೆಂದೇ ಮಾಡಿದ ಚೀಲ ಅಥವಾ ಪೆಟ್ಟಿಗೆಯಲ್ಲಿ ಪೂರ್ತಿ ಮುಚ್ಚಿ ಒಯ್ಯಬೇಕು. ಅಭಯಾರಣ್ಯದೊಳಕ್ಕೆ ಆಯುಧ ಒಯ್ಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮುಂಚಿತ ಲಿಖಿತ ಅನುಮತಿ ಬೇಕು. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅರಣ್ಯಗಳು ಸುತ್ತುವರಿದ ಜಿಲ್ಲೆಯಲ್ಲಿ ಯಾವ ಹಾದಿ ಎಲ್ಲಿ ಕಾಡು ಹೊಗುತ್ತದೆ ಎಂಬುದನ್ನು ಚಾಲಕ ತಿಳಿದಿರಲೇಬೇಕು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು ಹೇಳುವ ಇದೇ ಕಾಯ್ದೆ, ಪರವಾನಗಿಯಿಂದ ವಿನಾಯಿತಿ ಪಡೆದವರನ್ನೂ ಸೇರಿಸಿಯೇ ಹೇಳುತ್ತದೆ. ತೋಟಕ್ಕೆ ನುಗ್ಗಿದ ಆನೆಗೆ ಗುಂಡು ಹೊಡೆಯುವ ಅಧಿಕಾರವನ್ನು ಯಾವ ವಿನಾಯಿತಿಯೂ ಕೊಟ್ಟಿಲ್ಲ.

ಮಳೆ, ತುಕ್ಕು, ಎಣ್ಣೆ

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಇಂಥಲ್ಲಿ ಉಕ್ಕಿನ ವಸ್ತುವೊಂದು ತುಕ್ಕು ಹಿಡಿಯದೆ ಉಳಿಯುವುದು ಆರೈಕೆಯಿಂದ ಮಾತ್ರ.

ನಳಿಗೆಯ ಮೇಲಿನ ನೀಲಿ–ಕಪ್ಪು ಬಣ್ಣ ಬಳಿದ ಬಣ್ಣವಲ್ಲ. ಅದು ಉಕ್ಕಿನ ಮೇಲೆ ಉದ್ದೇಶಪೂರ್ವಕವಾಗಿ ತರಿಸಿದ ತೆಳ್ಳನೆಯ ಆಕ್ಸೈಡ್ ಪದರ. ತನ್ನಷ್ಟಕ್ಕೆ ಅದು ನೀರನ್ನು ತಡೆಯಲಾರದು. ಎಣ್ಣೆಯನ್ನು ಹಿಡಿದಿಟ್ಟುಕೊಂಡು ತಡೆಯುತ್ತದೆ. ಬೆವರಿದ ಕೈಯ ಉಪ್ಪು ತಗುಲಿದ ಜಾಗದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುವುದುಂಟು. ಆದ್ದರಿಂದ ಕೋವಿ ಯಾರ ಕೈಯಿಂದ ಬಂದರೂ ಇಡುವ ಮುನ್ನ ಎಣ್ಣೆಬಟ್ಟೆಯಿಂದ ಒರೆಸಬೇಕು.

ಎಣ್ಣೆ ಎಂದರೆ ಮನೆಯ ತೆಂಗಿನೆಣ್ಣೆಯಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಕೊಡಗಿನ ಡಿಸೆಂಬರಿನ ಬೆಳಗಿನಲ್ಲಿ ಕುದುರೆಯ ಸಂದಿಯೊಳಗೆ ಅದು ಮೇಣವಾಗಿ ಕೂರುತ್ತದೆ. ತೆಳ್ಳನೆಯ ಖನಿಜ ತೈಲ, ಅಂದರೆ ಕೋವಿ ಎಣ್ಣೆಯೇ ಬೇಕು. ಅದೂ ಒಂದೆರಡು ಹನಿ ಸಾಕು. ಜೀಪಿನ ಧೂಳಿಗೆ ಹೆಚ್ಚಿನ ಎಣ್ಣೆ ಸೇರಿದರೆ ಅರೆಯುವ ಕಲ್ಲಿನ ಹಿಟ್ಟಿನಂತಾಗಿ ಲೋಹವನ್ನೇ ಸವೆಸುತ್ತದೆ. ಅಕ್ರೋಟು ಮರದ ಹಿಡಿಗೆ ಅಗಸೆ ಎಣ್ಣೆ ಸವರಿ ಉಜ್ಜುವುದು ಹಳೆಯ ಪದ್ಧತಿ.

ಹೊಡೆದ ದಿನವೇ ನಳಿಗೆ ಶುಚಿ ಮಾಡಬೇಕು. ಕೇಪಿನ ಕೋವಿಗೆ ಈ ಮಾತು ಇನ್ನೂ ಖಚಿತ. ಪೆಟ್ಲುಪ್ಪು, ಇದ್ದಿಲು, ಗಂಧಕದ ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ಅವು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತವೆ. ಅದಕ್ಕೇ ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಾಕುವುದು. ಹೊಗೆಯಿಲ್ಲದ ಮದ್ದಿನ ಈಗಿನ ತೋಟಾಗಳಿಗೆ ಬಿಸಿನೀರು ಬೇಡ. ಗಜಕ್ಕೆ ಹಿತ್ತಾಳೆ ತಂತಿಯ ಬ್ರಷ್ ಸಿಕ್ಕಿಸಿ ಉಜ್ಜಿ, ಬಟ್ಟೆಯಿಂದ ಒರೆಸಿ, ಎಣ್ಣೆಯ ತೇವ ಬಿಟ್ಟರೆ ಸಾಕು.

ಚೀಲ, ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ಒದ್ದೆಯಾದ ಚರ್ಮದ ಚೀಲದಲ್ಲಿ ವಾರಗಟ್ಟಲೆ ಬಿಟ್ಟ ಕೋವಿ ಮಳೆಯಲ್ಲಿ ಬಿಟ್ಟದ್ದಕ್ಕಿಂತ ಬೇಗ ಕೆಡಬಹುದು. ಮನೆಗೆ ಬಂದೊಡನೆ ಹೊರತೆಗೆದು, ಒಣಗಿಸಿ, ಬೀಗ ಹಾಕಿದ ಕಪಾಟಿನಲ್ಲಿ ಬಾಯಿ ಕೆಳಗಾಗಿ ನಿಲ್ಲಿಸುವುದು ಒಳ್ಳೆಯದು. ಹಾಗಿಟ್ಟರೆ ಹೆಚ್ಚಿನ ಎಣ್ಣೆ ಹಿಡಿಯ ಮರಕ್ಕಿಳಿದು ಅದನ್ನು ಮೆತ್ತಗಾಗಿಸುವುದಿಲ್ಲ. ತೋಟಾಗಳಿಗೂ ಒಣ ಜಾಗವೇ ಬೇಕು. ಹಳೆಯ ಕಾಗದದ ತೋಟಾಗಳು ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಪ್ಲಾಸ್ಟಿಕ್ ಬಂದ ಮೇಲೆ ಆ ತೊಂದರೆ ಕಡಿಮೆಯಾಗಿದೆ.

ತಿಂಗಳುಗಟ್ಟಲೆ ಮುಟ್ಟದ ಕೋವಿಯನ್ನು ಹೊರತೆಗೆದಾಗ ನಳಿಗೆಯೊಳಗೆ ಇಣುಕದೆ ತೋಟಾ ಹಾಕಬಾರದು. ಕಡಜ ಒಳಗೆ ಮಣ್ಣಿನ ಗೂಡು ಕಟ್ಟಿರಬಹುದು. ಜೀಪಿನ ನೆಲಕ್ಕೆ ತಾಗಿದ ಬಾಯಿಯಲ್ಲಿ ಕೆಸರು ಗಟ್ಟಿಯಾಗಿರಬಹುದು. ಬಾಯಿಯ ಹತ್ತಿರ ನಳಿಗೆಯ ದಪ್ಪ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಹಿಡಿ ಮಣ್ಣೂ ಬೇಡ, ಬೆರಳಷ್ಟು ಕೆಸರು ಸಾಕು ಅದನ್ನು ಹೂವಿನಂತೆ ಅರಳಿಸಲು.

ಹಬ್ಬವೆಂಬ ಪಂಚಾಂಗ

ಈ ಎಲ್ಲ ಎಚ್ಚರಗಳನ್ನು ಕೊಡಗಿನ ಹಿರಿಯರು ಪುಸ್ತಕ ಓದಿ ಕಲಿತವರಲ್ಲ. ಅವರಿಗೆ ಕೈಲ್ ಪೊಳ್ದ್ ಇತ್ತು. ‘ಕೈಲ್’ ಎಂದರೆ ಆಯುಧ, ‘ಪೊಳ್ದ್’ ಎಂದರೆ ಹಬ್ಬ. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುವ ಈ ಹಬ್ಬದ ಹೊತ್ತಿಗೆ ನಾಟಿ ಮುಗಿದು ಮಳೆ ಇಳಿಮುಖವಾಗಿರುತ್ತದೆ. ಬೇಸಾಯದ ದಿನಗಳಲ್ಲಿ ಎತ್ತಿಟ್ಟ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಅಂದು ಹೊರತೆಗೆದು, ಶುಚಿ ಮಾಡಿ, ಮನೆಯ ದೀಪದ ಮುಂದೆ ಇರಿಸಿ ಪೂಜಿಸುತ್ತಾರೆ. ಆ ಕಾಲಕ್ಕೇ ಅರಳುವ ಕೆಂಪು–ಹಳದಿಯ ‘ತೋಕ್ ಪೂ’ವನ್ನು, ಅಂದರೆ ಕೋವಿ ಹೂವನ್ನು, ನಳಿಗೆಗೆ ಮುಡಿಸುತ್ತಾರೆ. ಆಮೇಲೆ ಕಡಂಬುಟ್ಟು, ಪಂದಿಕರಿಯ ಊಟ; ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಅದರಲ್ಲಿ ಈಗ ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ.

ಭಕ್ತಿಯ ಕಣ್ಣಿನಿಂದ ಇದು ಆಯುಧ ಪೂಜೆ. ಉಪಯೋಗದ ಕಣ್ಣಿನಿಂದ ನೋಡಿದರೆ ಮಳೆಗಾಲ ಕಳೆದೊಡನೆ ಮನೆಯ ಪ್ರತಿಯೊಂದು ಕೋವಿಯೂ ಕಡ್ಡಾಯವಾಗಿ ಬೆಳಕಿಗೆ ಬರುವ ದಿನ. ತುಕ್ಕು ಕಾಣುವುದು, ಕಡಜದ ಗೂಡು ಸಿಗುವುದು, ಸಡಿಲವಾದ ಕೀಲು ತಿಳಿಯುವುದು ಆ ದಿನವೇ. ನಳಿಗೆಯ ಬಾಯಿಗೆ ಹೂವು ಇಡುವ ಕೈ ಆ ಬಾಯನ್ನು ನೋಡದೆ ಇರಲಾರದು. ಕಿರಿಯರು ಕೋವಿಯನ್ನು ಹಿರಿಯರಿಂದ ನಮಸ್ಕರಿಸಿ ಪಡೆಯುವ ಪದ್ಧತಿಯಲ್ಲಿ ಒಂದು ಪಾಠವೂ ಅಡಗಿದೆ: ಇದು ಆಟದ ಸಾಮಾನಲ್ಲ, ಒಬ್ಬನ ಸ್ವಂತದ್ದೂ ಅಲ್ಲ, ಒಕ್ಕದ್ದು.

ಕಾಲ ಬದಲಾದಂತೆ ಕಾನೂನಿನ ಹಿಡಿತವೂ ಬಿಗಿಯಾಗಿದೆ. ಸಂಭ್ರಮದ ಹೆಸರಿನಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹುಟ್ಟು, ಸಾವು, ಸುಗ್ಗಿಯ ಈಡುಗಳು ಮುಂದೆಯೂ ಕೇಳಬೇಕಾದರೆ ಅವು ತೆರೆದ ಬಯಲಿನಲ್ಲಿ, ತಿಳಿದವರ ಕೈಯಿಂದ ಹಾರಬೇಕಾಗುತ್ತದೆ.

2029ರ ಅಕ್ಟೋಬರ್ ಬಹಳ ದೂರವಿಲ್ಲ. ವಿನಾಯಿತಿ ಮುಂದುವರಿಯಬೇಕೇ ಎಂಬ ಚರ್ಚೆ ಮತ್ತೆ ಏಳುವುದು ಖಂಡಿತ. ಆಗ 1861ರ ಪ್ರಕಟಣೆಯ ಹೊಗಳಿಕೆಗಿಂತ ಹೆಚ್ಚಾಗಿ ಕೆಲಸಕ್ಕೆ ಬರುವುದು ಕೋವಿಯನ್ನು ಜನ ಹೇಗೆ ಇಟ್ಟುಕೊಂಡಿದ್ದಾರೆ ಎಂಬ ಲೆಕ್ಕ. ಜೀಪು ಹತ್ತುವ ಮುನ್ನ ನಳಿಗೆ ಮುರಿದು ಬೆಳಕು ನೋಡುವ ಅಭ್ಯಾಸಕ್ಕೆ ಅರ್ಧ ನಿಮಿಷ ಸಾಕು. ನೂರಾ ಅರವತ್ತಕ್ಕೂ ಹೆಚ್ಚು ವರ್ಷಗಳ ಒಂದು ವಿಶ್ವಾಸ ನಿಂತಿರುವುದು ಅಂಥ ಅರ್ಧ ನಿಮಿಷಗಳ ಮೇಲೆಯೇ.